ಹತ್ತು ಜನ ಸೇರಿ ಹೇಳುವ ಜಪ



ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಅಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ, ಪ್ರಾರ್ಥಿಸಿ ಮನೆಗೆ ಮರಳುತ್ತೇವೆ. ಆದರೆ ಮಾರನೆಯ ದಿನ? ಅಗಲಿದವರಿಗಾಗಿ ದಿನದಿನವೂ ಪ್ರಾರ್ಥಿಸುವುದು ಹೇಗೆ?

1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾ ಮಂದಿರಕ್ಕೆ ಹೋದ ಸಂತ ಎರಡನೇ ಜಾನ್ ಪೌಲರು ಯೆಹೂದ್ಯರನ್ನು ನಮ್ಮ ಹಿರಿಯಣ್ಣಂದಿರೆಂದು ಕರೆದರು. ಆ ಅಣ್ಣಂದಿರ ಮನೆಯಲ್ಲಿ 'ಕದ್ದಿಶ್' ಎಂಬ ಜಪವೊಂದಿದೆ. ತಂದೆಯೋ ತಾಯಿಯೋ ತೀರಿಕೊಂಡರೆ ಮಗ ಹನ್ನೊಂದು ತಿಂಗಳು ಪ್ರತಿದಿನ ಅದನ್ನು ಹೇಳುತ್ತಾನೆ. ಭಾಷೆ ಹೆಚ್ಚುಪಾಲು ಅರಮಾಯಿಕ್, ಪ್ರಭು ಯೇಸು ಮಾತನಾಡಿದ ಭಾಷೆ. ಸೋಜಿಗವೆಂದರೆ ಅದರಲ್ಲಿ ಸಾವಿನ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ. ದೇವರ ನಾಮಕ್ಕೆ ಮಹಿಮೆ, ಅವರ ರಾಜ್ಯ ಬರಲೆಂಬ ಬೇಡಿಕೆ, ಅಷ್ಟೇ. ಪ್ರಭು ಕಲಿಸಿದ ಜಪದ ಮೊದಲ ಸಾಲುಗಳು ನೆನಪಾಗುವುದಿಲ್ಲವೇ? ದೇವರ ಮೇಲೆ ಮುನಿಸು ಬರುವ ಹೊತ್ತಿನಲ್ಲೇ ದೇವರನ್ನು ಸ್ತುತಿಸುವುದು ಸುಲಭವಲ್ಲ. ಮೊದಮೊದಲು ಬಾಯಿ ಹೇಳುತ್ತದೆ, ಮನಸ್ಸು ತಡವಾಗಿ ಬರುತ್ತದೆ.

ಹನ್ನೊಂದೇ ತಿಂಗಳೇಕೆ? ದುಷ್ಟರಿಗೆ ಹನ್ನೆರಡು ತಿಂಗಳ ಶಿಕ್ಷೆ ಎಂಬುದು ಯೆಹೂದ್ಯ ಗುರುಗಳ ಹಳೆಯ ಮಾತು. ನನ್ನ ಅಪ್ಪ ಅಂಥವನಲ್ಲ ಎಂದು ಮಗ ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾನೆ!

ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ನಮ್ಮ ಬೈಬಲಿನ ಆಧಾರವೂ ಯೆಹೂದ್ಯರ ಚರಿತ್ರೆಯಲ್ಲೇ ಇದೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿರಿ. ಯುದ್ಧದಲ್ಲಿ ಮಡಿದವರ ಅಂಗಿಯೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕಿದವು. ಯೂದನು ಅವರನ್ನು ಕೈಬಿಡಲಿಲ್ಲ; ಸೈನಿಕರಿಂದ ಹಣ ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ.

ಕದ್ದಿಶ್ ಒಬ್ಬರೇ ಹೇಳುವ ಜಪವಲ್ಲ. ಸಂಪ್ರದಾಯದಂತೆ 13 ತುಂಬಿದ ಹತ್ತು ಗಂಡಸರು ಕೂಡಬೇಕು. ಕೆಲವು ಪಂಗಡಗಳಲ್ಲಿ ಈಗ ಹೆಂಗಸರೂ ಎಣಿಕೆಗೆ ಸೇರುತ್ತಾರೆ. ಒಂಬತ್ತು ಜನರಿದ್ದರೆ ಇನ್ನೊಬ್ಬರಿಗಾಗಿ ಕಾಯಬೇಕು. ನಮ್ಮ ರಾಜ್ಯದಲ್ಲಿ ಯೆಹೂದ್ಯರು ತೀರಾ ಕಡಿಮೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರ ಸ್ಮಶಾನವಿದೆ. 1904ರಲ್ಲಿ ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1933ರಲ್ಲಿ ನಮ್ಮ ಸಂತ ಫಿಲೋಮಿನ ದೇವಾಲಯಕ್ಕೆ ಅಡಿಗಲ್ಲಿಟ್ಟವರೂ ಅವರೇ. ಇಷ್ಟು ಪುಟ್ಟ ಸಮುದಾಯದಲ್ಲಿ ಹತ್ತನೆಯವರು ಎಷ್ಟು ಮುಖ್ಯವೆಂದು ಊಹಿಸಿಕೊಳ್ಳಿ.

ಲಕ್ಷ್ಮೀಪುರಂನಲ್ಲಾಗಲಿ ಬೇರೆಲ್ಲೇ ಆಗಲಿ, ಸಾವಾದ ಮನೆಗೆ ಮೊದಲ ದಿನ ಜನ ತುಂಬಿರುತ್ತಾರೆ. ಏಳನೆಯ ದಿನದ ಪೂಜೆಗೆ ಅರ್ಧ, ಮೂವತ್ತನೆಯ ದಿನಕ್ಕೆ ಮನೆಯವರಷ್ಟೇ. ನಮ್ಮ ಪ್ರತಿ ಬಲಿಪೂಜೆಯಲ್ಲೂ ಮೃತರ ಸ್ಮರಣೆ ಇದ್ದೇ ಇದೆ. ವಾರದ ದಿನದ ಬೆಳಗಿನ ಪೂಜೆಯಲ್ಲಿ ಆ ಮನೆಯ ತಾಯಿ ಒಬ್ಬರೇ ಕುಳಿತಿದ್ದರೆ, ಅದೇ ಬೆಂಚಿನಲ್ಲಿ ಇನ್ನೂ ಜಾಗವಿರುತ್ತದೆ.