ಬೇಲಿಯ ಒಳಗಿನ ಕೆಲಸ

ಶಾದ್‌ನಗರದ ಬಳಿ ಹೆದ್ದಾರಿಯನ್ನು ಬಿಟ್ಟು ಮೇಕಗೂಡದ ಕಡೆಗೆ ತಿರುಗಿದವರಿಗೂ, ಚೇವೆಳ್ಳದಿಂದ ಶಾಬಾದ್ ಮಾರ್ಗವಾಗಿ ಚಂದನವೆಳ್ಳಿಗೆ ಹೋದವರಿಗೂ ಈಚಿನ ವರ್ಷಗಳಲ್ಲಿ ಒಂದೇ ಬಗೆಯ ನೋಟ ಎದುರಾಗುತ್ತದೆ. (ಈ ಶಾಬಾದ್ ಕಲಬುರಗಿಯ ಹಾಸುಗಲ್ಲಿನ ಶಹಾಬಾದ್ ಅಲ್ಲ, ರಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲ.) ಬಯಲ ನಡುವೆ ಎತ್ತರವಾದ, ಕಿಟಕಿಗಳಿಲ್ಲದ ಕಟ್ಟಡಗಳು, ಸುತ್ತಲೂ ಭದ್ರವಾದ ಬೇಲಿ, ಒಂದು ಪಕ್ಕದಲ್ಲಿ ರೈಲುಡಬ್ಬಿಗಳಂತೆ ಸಾಲಾಗಿ ನಿಂತ ಡೀಸೆಲ್ ಜನರೇಟರುಗಳು. ನೋಡಿದರೆ ಕಾರ್ಖಾನೆಯೆನ್ನಬೇಕು, ಆದರೆ ಹೊಗೆಕೊಳವೆಯಿಲ್ಲ. ಉಗ್ರಾಣವೆನ್ನಬೇಕು, ಆದರೆ ಸರಕಿನ ಲಾರಿಗಳ ಸಾಲಿಲ್ಲ. ಇವೇ ಡೇಟಾ ಸೆಂಟರುಗಳು, ಅಂದರೆ ದತ್ತಾಂಶ ಕೇಂದ್ರಗಳು.

ಇಂಥ ಒಂದು ನಿರ್ಮಾಣ ಸ್ಥಳದ ದ್ವಾರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ ಕಾವಲುಗಾರ ತರುಣನು ನಮ್ಮ ನಮ್ಮಲ್ಲಿನ ಮಾತು ಕೇಳಿದೊಡನೆಯೇ ಮುಖವರಳಿಸಿ, “ಯಾ ಊರವರ್ರೀ?” ಎಂದು ಕೇಳಿದನು. ಅವನದು ಕೊಡಂಗಲ್ ಕಡೆಯ ಹಳ್ಳಿ. ಹತ್ತನೆಯ ತರಗತಿ ಮುಗಿಸಿದ್ದಾನೆ. ಹನ್ನೆರಡು ತಾಸಿನ ಪಾಳಿ. ಒಳಗೆ ಏನು ನಡೆದಿದೆಯೆಂದು ವಿಚಾರಿಸಿದೆವು. “ಪೈಪಿನ ವೆಲ್ಡಿಂಗ್ ನಡದದ್ರೀ. ಮಾಡೋರು ಬಿಹಾರದಿಂದ ಬಂದಾರ. ನಮ್ಮೂರು ಇಲ್ಲಿಂದ ಎರಡು ತಾಸಿನ ಹಾದಿ. ನಾವು ಹೊರಗ ನಿಂತೀವಿ” ಎಂದನು. ಅವನ ದನಿಯಲ್ಲಿ ಯಾರ ಮೇಲೂ ದೂರಿರಲಿಲ್ಲ. ಆದರೆ ಆ ಮಾತು ಹಿಂತಿರುಗುವ ದಾರಿಯುದ್ದಕ್ಕೂ ನಮ್ಮನ್ನು ಕಾಡಿತು. ಈ ಬರಹಕ್ಕೆ ಅದೇ ಕಾರಣ.

ದತ್ತಾಂಶ ಕೇಂದ್ರವೆಂದರೆ ಗಣಕಯಂತ್ರಗಳ ಛತ್ರವೆನ್ನಬಹುದು. ನಾವು ಕಾಯ್ದಿರಿಸುವ ರೈಲಿನ ಟಿಕೇಟು, ಬ್ಯಾಂಕಿನ ಲೆಕ್ಕ, ದೂರದ ಮೊಮ್ಮಗ ಕಳುಹಿಸುವ ಭಾವಚಿತ್ರ, ಇವೆಲ್ಲ ಆಕಾಶದಲ್ಲೆಲ್ಲೋ ತೇಲುತ್ತಿರುವುದಿಲ್ಲ. ಇಂಥ ಕಟ್ಟಡಗಳೊಳಗಿನ ಕಪಾಟುಗಳಲ್ಲಿ ಸಾಲುಗೊಂಡ ಯಂತ್ರಗಳಲ್ಲಿ ನೆಲೆಸಿರುತ್ತವೆ. ಆ ಯಂತ್ರಗಳು ಹಗಲಿರುಳು ವಿದ್ಯುತ್ತನ್ನು ಉಣ್ಣುತ್ತವೆ. ಉಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರುತ್ತದೆ. ಆದ್ದರಿಂದ ಈ ಕಟ್ಟಡಕ್ಕೆ ಎರಡೇ ಚಿಂತೆ: ವಿದ್ಯುತ್ತು ಒಂದು ಕ್ಷಣವೂ ತಪ್ಪಬಾರದು, ಶಾಖ ಒಂದು ಕ್ಷಣವೂ ನಿಲ್ಲಬಾರದು. ಇಟ್ಟಿಗೆ ಗಾರೆಯ ಕೆಲಸ ಇಲ್ಲಿ ಬೇಗನೆ ಮುಗಿಯುತ್ತದೆ. ಉಳಿದುದೆಲ್ಲ ತಂತಿ, ಕೊಳವೆ ಮತ್ತು ಗಾಳಿಯ ಕೆಲಸ.

ಆ ಕೆಲಸದ ಸೂಕ್ಷ್ಮವನ್ನು ತುಸು ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ “ವೈರಿಂಗ್ ಕೆಲಸ” ಎಂದರೆ ಸ್ವಿಚ್ಚು, ಫ್ಯಾನು ಕೂರಿಸುವುದು ಎಂಬಷ್ಟೇ ತಿಳಿವಳಿಕೆಯಿದೆ. ಇಲ್ಲಿ 33 ಸಾವಿರ ವೋಲ್ಟಿನ ತೋಳಿನಷ್ಟು ದಪ್ಪದ ಕೇಬಲಿನ ತುದಿಯನ್ನು ಪದರ ಪದರವಾಗಿ ಸುಲಿದು ಜೋಡಿಸುವವನು ಬೇರೆಯೇ ಒಬ್ಬ ಕುಶಲಕರ್ಮಿ. ಸುಲಿಯುವಾಗ ಒಳಪದರದ ಮೇಲೆ ಚಾಕುವಿನ ಗೀರೊಂದು ಬಿದ್ದರೆ, ಧೂಳಿನ ಕಣವೊಂದು ಉಳಿದರೆ, ಅಂದು ಏನೂ ಆಗದು. ತಿಂಗಳುಗಳ ಅನಂತರ ಅದೇ ಜಾಗದಲ್ಲಿ ನಿರೋಧಕ ಪದರ ಸುಟ್ಟು ಕೇಬಲು ಸಿಡಿದೀತು. ಒಂದೊಂದು ಬೋಲ್ಟನ್ನೂ ಇಷ್ಟೇ ಬಿಗಿಯಬೇಕೆಂಬ ಅಳತೆಯಿದೆ. ಅದನ್ನು ಅಳತೆಯ ಪಾನದಿಂದಲೇ ಬಿಗಿದು, ಗುರುತು ಹಾಕಿ, ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ತಣ್ಣೀರಿನ ಕೊಳವೆಗಳ ಬೆಸುಗೆಯೂ ಹಾಗೆಯೇ. ಬೆಸುಗೆಗಾರನಿಗೆ ‘ಸಿಕ್ಸ್ ಜಿ’ ಎಂಬ ಪರೀಕ್ಷೆಯುಂಟು. ಕೊಳವೆಯನ್ನು 45 ಡಿಗ್ರಿ ಓರೆಯಾಗಿ ಬಿಗಿದು ನಿಲ್ಲಿಸಿರುತ್ತಾರೆ. ಕೊಳವೆಯನ್ನು ತಿರುಗಿಸುವಂತಿಲ್ಲ, ತಾನೇ ಬಗ್ಗಿ, ಕುಳಿತು, ತಲೆಯೆತ್ತಿ ಸುತ್ತಲೂ ಬೆಸೆಯಬೇಕು. ಅದರಲ್ಲಿ ತೇರ್ಗಡೆಯಾದವನಿಗೆ ಯಾವ ಊರಿನಲ್ಲೂ ಕೆಲಸ ತಪ್ಪದು.

ಕಟ್ಟಡ ಮುಗಿಯುತ್ತ ಬಂದಾಗ ನಡೆಯುವ ಪರೀಕ್ಷೆಯಂತೂ ಕುತೂಹಲಕರವಾದುದು. ಗಣಕಯಂತ್ರಗಳು ಬರುವ ಮೊದಲೇ ಅವುಗಳ ಬದಲಿಗೆ ದೊಡ್ಡ ದೊಡ್ಡ ವಿದ್ಯುತ್ ಒಲೆಗಳನ್ನು ತಂದು ಉರಿಸುತ್ತಾರೆ. ಅಷ್ಟು ಶಾಖವನ್ನು ತಂಪು ಯಂತ್ರಗಳು ಹೊರಹಾಕಬಲ್ಲವೇ ಎಂದು ನೋಡಲು. ಅನಂತರ ಬೇಕೆಂದೇ ಹೊರಗಿನ ವಿದ್ಯುತ್ತನ್ನು ಕಡಿಯುತ್ತಾರೆ. ಬ್ಯಾಟರಿಗಳು ಕೆಲವೇ ನಿಮಿಷ ಭಾರ ಹೊರುತ್ತವೆ. ಅಷ್ಟರೊಳಗೆ ಜನರೇಟರುಗಳು ಎಚ್ಚೆತ್ತು ಹೆಗಲು ಕೊಡಬೇಕು. ಆ ಗಳಿಗೆಯಲ್ಲಿ ಎಲೆಕ್ಟ್ರೀಷಿಯನ್, ಡೀಸೆಲ್ ಮೆಕ್ಯಾನಿಕ್, ಶೀತಯಂತ್ರದ ತಂತ್ರಜ್ಞ ಎಲ್ಲರೂ ತಂತಮ್ಮ ಸ್ಥಾನದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಇಷ್ಟು ಕೈಗಳು ಬೇಕಾಗುವುದು ಎಷ್ಟು ಕಾಲಕ್ಕೆ? ಇಲ್ಲಿಯೇ ಎಚ್ಚರ ಬೇಕು. ದತ್ತಾಂಶ ಕೇಂದ್ರಗಳು ಜಗತ್ತಿನಲ್ಲೇ ಹೆಚ್ಚು ದಟ್ಟವಾಗಿ ನೆರೆದಿರುವುದು ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ. ಅಲ್ಲಿನ ಶಾಸನಸಭೆಯ ಪರಿಶೋಧನಾ ಆಯೋಗವು 2024ರ ಡಿಸೆಂಬರಿನಲ್ಲಿ ಒಂದು ವರದಿಯನ್ನು ಹೊರತಂದಿತು. ಎರಡೂವರೆ ಲಕ್ಷ ಚದರಡಿಯ ಒಂದು ಕೇಂದ್ರದಲ್ಲಿ ಪೂರ್ಣಾವಧಿಯ ಕೆಲಸಗಾರರು ಸುಮಾರು 50 ಮಂದಿ. ಅವರಲ್ಲಿ ಅರ್ಧದಷ್ಟು ಗುತ್ತಿಗೆಯವರು. ಆದರೆ ಕಟ್ಟುವ 12ರಿಂದ 18 ತಿಂಗಳ ಅವಧಿಯಲ್ಲಿ, ಕೆಲಸ ಉಚ್ಛ್ರಾಯದಲ್ಲಿದ್ದಾಗ, ಸ್ಥಳದಲ್ಲಿ ಸುಮಾರು 1,500 ಮಂದಿ ಇರುತ್ತಾರೆ. ನಮ್ಮ ದೇಶದಲ್ಲಿ ಕೆಲಸದ ರೀತಿ ಬೇರೆಯಾದುದರಿಂದ ಅಂಕಿಗಳೂ ಬೇರೆಯಾದಾವು; ಆದರೆ ಪ್ರಮಾಣದ ಸ್ವರೂಪ ಇದೇ. ಕಟ್ಟುವಾಗ ಜಾತ್ರೆ, ಕಟ್ಟಿದ ಮೇಲೆ ಮೌನ. “ಊರಿನ ಪಕ್ಕ ದೊಡ್ಡ ಕಂಪನಿ ಬಂತು, ಮಗನಿಗೆ ಜೀವಮಾನದ ನೌಕರಿ ಸಿಕ್ಕೀತು” ಎಂದು ಕಾದು ಕುಳಿತ ತಂದೆತಾಯಿಗಳು ಇದನ್ನು ಮನಗಾಣಬೇಕು. ಸಿಕ್ಕುವ ಪಾಲು ಕಟ್ಟುವ ಕಾಲದ್ದು. ಅದನ್ನು ಹಿಡಿಯಲು ಮೊದಲೇ ಸಿದ್ಧರಾಗಿರಬೇಕು.

ಹೈದರಾಬಾದಿನ ಸುತ್ತ ಆ ಕಾಲ ಇನ್ನೂ ಮುಗಿದಿಲ್ಲ. ಅಮೆಜಾನ್ ಸಂಸ್ಥೆಯು 2020ರ ನವೆಂಬರಿನಲ್ಲಿ ಇಲ್ಲಿ 20,761 ಕೋಟಿ ರೂಪಾಯಿ ಹೂಡುವುದಾಗಿ ಪ್ರಕಟವಾಯಿತು. 2022ರ ನವೆಂಬರಿನಲ್ಲಿ ಅದರ ಕೇಂದ್ರಗಳು ಕೆಲಸ ಆರಂಭಿಸಿದವು. 2023ರ ಜನವರಿಯಲ್ಲಿ ಆ ಮೊತ್ತವನ್ನು 2030ರ ಹೊತ್ತಿಗೆ 36,300 ಕೋಟಿಗೆ ಏರಿಸುವುದಾಗಿಯೂ, 2025ರ ಜನವರಿಯಲ್ಲಿ ಮತ್ತೆ 60,000 ಕೋಟಿ ಹೂಡುವುದಾಗಿಯೂ ಘೋಷಣೆಗಳಾದವು. ಮೈಕ್ರೋಸಾಫ್ಟ್ ತನ್ನ ಹೈದರಾಬಾದ್ ಯೋಜನೆಯನ್ನು 2022ರ ಮಾರ್ಚಿನಲ್ಲಿ ಪ್ರಕಟಿಸಿತು. ಅತ್ತ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ತೊಡಗಿಸುವುದಾಗಿ ಗೂಗಲ್ 2025ರ ಅಕ್ಟೋಬರಿನಲ್ಲಿ ಹೇಳಿದೆ. ಸೊಲ್ಲಾಪುರದ ಓದುಗರಿಗೆ ನವೀ ಮುಂಬಯಿ, ಹೊಸೂರಿನವರಿಗೆ ಮದರಾಸು ಇವೆ. ಘೋಷಣೆಯಾದುದೆಲ್ಲ ಗೋಡೆಯಾಗಿ ಏಳುವುದಿಲ್ಲವೆಂಬುದು ನಿಜ; ಅರ್ಧ ಎದ್ದರೂ ಕೈಗಳು ಸಾಲವು.

ನಮ್ಮ ಸೀಮೆಯ ಜನ ಕಟ್ಟುವ ಕೆಲಸಕ್ಕೆ ಹೊಸಬರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಪಕ್ಕದ ನಾರಾಯಣಪೇಟೆ, ಮಖ್ತಲ್ ಸೀಮೆಗಳು ಮೊದಲಿನಿಂದಲೂ ಮಹಬೂಬನಗರದವು. ಮಹಬೂಬನಗರದ ಹಳೆಯ ಹೆಸರು ಪಾಲಮೂರು. ‘ಪಾಲಮೂರು ಕೂಲಿ’ ಎಂಬ ಮಾತು ದೇಶದ ಅಣೆಕಟ್ಟು, ಕಾಲುವೆಗಳ ಗುತ್ತಿಗೆದಾರರಿಗೆಲ್ಲ ಪರಿಚಿತ. ಮೇಸ್ತ್ರಿಯಿಂದ ಮುಂಗಡ ಪಡೆದು, ಹೆಂಡತಿ ಮಕ್ಕಳೊಡನೆ ಹೊರಟು, ಮಣ್ಣು ಹೊತ್ತು, ಕಲ್ಲು ಒಡೆದು, ಸಾಲ ತೀರದೆ ಮರಳಿದ ಎಷ್ಟೋ ಕುಟುಂಬಗಳು ನಮ್ಮ ನಡುವೆ ಇವೆ. ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದರು, ತೆಲುಗು ಮಾತನಾಡುವವರೂ ಇದ್ದರು. ಬರಗಾಲಕ್ಕೆ ಭಾಷೆಯ ಭೇದವಿಲ್ಲ. ಅಂದು ಅವರು ಕೆಲಸಕ್ಕಾಗಿ ನೂರಾರು ಹರದಾರಿ ನಡೆದರು. ಇಂದು ಕೆಲಸವೇ ಮನೆಯ ಹತ್ತಿರ ಬಂದಿದೆ. ಆದರೆ ಅದನ್ನು ಮಾಡಲು ಬೇರೆಯವರು ನೂರಾರು ಹರದಾರಿಯಿಂದ ಬರುತ್ತಿದ್ದಾರೆ.

ಇದಕ್ಕೆ ಗುತ್ತಿಗೆದಾರನನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವನಿಗೆ ದಿನ ಎಣಿಸಿ ಕೆಲಸ ಒಪ್ಪಿಸಬೇಕಾದ ಕಟ್ಟು. ಹಿಂದೆ ಇಂಥ ಕೆಲಸ ಮಾಡಿದವನನ್ನೇ ಅವನು ಹುಡುಕುತ್ತಾನೆ, ಪ್ರಮಾಣಪತ್ರ ಕೇಳುತ್ತಾನೆ. ಬಂದವರೂ ಸುಖವಾಗಿಲ್ಲ, ತಗಡಿನ ಕೋಣೆಗಳಲ್ಲಿ ಗುಂಪಾಗಿ ಮಲಗಿ, ಊರಿಗೆ ಹಣ ಕಳುಹಿಸುವವರು ಅವರು. ನಮ್ಮ ಹುಡುಗರಿಗೆ ಇಲ್ಲದಿರುವುದು ಶಕ್ತಿಯಲ್ಲ, ಕಾಗದ.

ಆ ಕಾಗದ ಸಿಕ್ಕುವ ಮುಖ್ಯ ಬಾಗಿಲು ಐ.ಟಿ.ಐ. ಈ ತರಬೇತಿ ಯೋಜನೆಯನ್ನು ಭಾರತ ಸರಕಾರವು 1950ರಲ್ಲಿ ಆರಂಭಿಸಿತು. ಎಲೆಕ್ಟ್ರೀಷಿಯನ್, ಫಿಟ್ಟರ್, ಶೀತಯಂತ್ರ ಮತ್ತು ಹವಾನಿಯಂತ್ರಣ, ಈ ವೃತ್ತಿಗಳಿಗೆ ಎರಡು ವರ್ಷ. ಹತ್ತನೆಯ ತರಗತಿ ಮುಗಿದಿರಬೇಕು, ಗಣಿತ ವಿಜ್ಞಾನಗಳನ್ನು ಓದಿರಬೇಕು. ಬೆಸುಗೆಗೆ ಒಂದೇ ವರ್ಷ. ಎಂಟನೆಯದು ಮುಗಿಸಿದವರಿಗೂ ಪ್ರವೇಶವುಂಟು. ಮುಗಿಸಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಭತ್ಯೆ ಪಡೆಯುತ್ತ ಕಾರ್ಖಾನೆಯಲ್ಲಿ ಕಲಿಯುವ ಅವಕಾಶವಿದೆ. ತೆಲಂಗಾಣ ಸರಕಾರವು 2024ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 65 ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳುಳ್ಳ ಉನ್ನತ ತಂತ್ರಜ್ಞಾನ ಕೇಂದ್ರಗಳಾಗಿಸುವ ಕಾರ್ಯವನ್ನು ಕೈಗೆತ್ತಿಕೊಂಡಿತು. ಶಾಲೆಯ ಮೆಟ್ಟಿಲು ಹತ್ತದೆ ಕೈಯಿಂದಲೇ ಕಲಿತವರಿಗೆ, ಅವರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೇಂದ್ರ ಸರಕಾರದ ಕೌಶಲ ಯೋಜನೆಯಲ್ಲಿದೆ.

ಬಾಗಿಲಿದೆ, ಹೊಸ್ತಿಲು ದಾಟಿಸುವವರು ಯಾರು? ನಮ್ಮ ಮನೆಗಳಲ್ಲಿ ಇಂದಿಗೂ ಬಿ.ಎ. ಓದಿ ಮನೆಯಲ್ಲಿ ಕುಳಿತ ಮಗನಿಗಿರುವ ಮರ್ಯಾದೆ ಬೆಸುಗೆ ಕಲಿತು ದುಡಿಯುವ ಮಗನಿಗಿಲ್ಲ. ಮದುವೆಯ ಮಾತುಕತೆಯಲ್ಲಂತೂ ಅದು ಎದ್ದು ಕಾಣುತ್ತದೆ. ಇನ್ನೊಂದು ಕಡೆ, ಬಡವನ ಮನೆಯಲ್ಲಿ ಎರಡು ವರ್ಷ ಮಗನ ದುಡಿಮೆಯಿಲ್ಲದೆ ನಡೆಯುವುದು ಹೇಗೆಂಬ ಚಿಂತೆ. ಕಾವಲುಗಾರನ ಸಂಬಳ ತಿಂಗಳ ಕೊನೆಗೆ ಕೈಗೆ ಬರುತ್ತದೆ, ಪ್ರಮಾಣಪತ್ರ ಎರಡು ವರ್ಷಕ್ಕೆ ಬರುತ್ತದೆ. ಈ ಎರಡನೆಯ ತೊಡಕಿಗೆ ನಮ್ಮ ಕನ್ನಡ ಸಂಘಗಳು ಏನಾದರೂ ಮಾಡಬಹುದು. ರಾಜ್ಯೋತ್ಸವದ ಒಂದು ಸಂಜೆಯ ವೆಚ್ಚದಲ್ಲಿ ಇಬ್ಬರು ಹುಡುಗರ ಬಸ್ಸು, ಊಟದ ಖರ್ಚನ್ನಾದರೂ ನೋಡಿಕೊಳ್ಳಲಾಗದೆ? ಹೀಗೆ ಕೇಳಿದ್ದಕ್ಕೆ ಸಂಘದ ಹಿರಿಯರು ಮುನಿಯಬಾರದು. ಆ ಸಂಜೆಗಳ ಮುಂದಿನ ಸಾಲಿನಲ್ಲಿ ನಾವೂ ಕುಳಿತವರೇ.

ಭಾಷೆಯ ವಿಷಯದಲ್ಲಿ ನಮ್ಮ ಹುಡುಗರು ತಾವು ಹಿಂದುಳಿದವರೆಂದು ಅಂಜುತ್ತಾರೆ. ನಾವು ಕಂಡುದು ಬೇರೆ. ಮನೆಯಲ್ಲಿ ಕನ್ನಡ, ಶಾಲೆ ಸಂತೆಗಳಲ್ಲಿ ತೆಲುಗು, ಗೆಳೆಯರೊಡನೆ ದಖನಿ. ಇದು ನಮ್ಮ ಸೀಮೆಯ ಮಗುವಿಗೆ ಸಹಜವಾಗಿ ಬಂದ ಆಸ್ತಿ. ನಿರ್ಮಾಣ ಸ್ಥಳದಲ್ಲಿ ಬೆಸುಗೆಗಾರರ ಮಾತು ಹಿಂದಿ, ಕೂಲಿಯವರ ಮಾತು ತೆಲುಗು, ಬೆಂಗಳೂರಿನಿಂದ ಬಂದ ಮೇಲ್ವಿಚಾರಕನಿದ್ದರೆ ಅವನದು ಕನ್ನಡ. ಮೂವರ ನಡುವೆ ಮಾತು ದಾಟಿಸಬಲ್ಲವನಿಗೆ, ಕೆಲಸವೂ ಬಂದರೆ, ಗುಂಪಿನ ಮುಂದಾಳುತನ ತಾನಾಗಿ ಬರುತ್ತದೆ. ನಕ್ಷೆಯಲ್ಲಿರುವ ಇಂಗ್ಲಿಷನ್ನು ಮಾತ್ರ ಕಲಿಯಬೇಕು. ಅದು ಕೆಲವು ನೂರು ಪದಗಳ ವಿದ್ಯೆ.

ಹದಿನೆಂಟು ತಿಂಗಳಿಗೆ ಕಟ್ಟಡ ಮುಗಿದರೆ ಮುಂದೇನು ಎಂಬ ಪ್ರಶ್ನೆ ಉಳಿಯುತ್ತದೆ. ಕೇಬಲು ಜೋಡಿಸಬಲ್ಲವನಿಗೆ, ಶೀತಯಂತ್ರ ರಿಪೇರಿ ಬಲ್ಲವನಿಗೆ ಜಡಚೆರ್ಲದ ಔಷಧ ಕಾರ್ಖಾನೆಗಳಿವೆ, ತಾಂಡೂರಿನ ಸಿಮೆಂಟು ಕಾರ್ಖಾನೆಗಳಿವೆ, ಆಸ್ಪತ್ರೆಗಳಿವೆ. ಆದ್ದರಿಂದ ಯಾವುದೋ ಒಂದು ಕಂಪನಿಯ ಹೆಸರು ಹೊತ್ತ ಮೂರು ತಿಂಗಳ ಶಿಬಿರಕ್ಕಿಂತ ಎರಡು ವರ್ಷದ ಪೂರ್ಣ ವೃತ್ತಿಶಿಕ್ಷಣವೇ ಮೇಲೆಂದು ನಮ್ಮ ಅಭಿಪ್ರಾಯ. ಈ ಕೇಂದ್ರಗಳು ಬಳಸುವ ನೀರು, ವಿದ್ಯುತ್ತುಗಳ ಪ್ರಶ್ನೆ ಸಣ್ಣದಲ್ಲ. ಅದನ್ನು ಬೇರೆಯೇ ಬರೆಯಬೇಕು.

ಎರಡು ವಾರಗಳ ಬಳಿಕ ಮತ್ತೆ ಆ ದಾರಿಯಾಗಿ ಹೋಗಬೇಕಾಗಿ ಬಂದಾಗ ಅದೇ ದ್ವಾರದ ಬಳಿ ಇಳಿದೆವು. ಹುಡುಗ ಗುರುತು ಹಿಡಿದನು. ಐ.ಟಿ.ಐ.ಯ ವಿಷಯ ಹೇಳಿದೆವು. ಅವನು ಮೊದಲು ಕೇಳಿದ್ದು ಶುಲ್ಕವನ್ನಲ್ಲ; “ನನಗ ಇಪ್ಪತ್ತೆರಡು ಆಗ್ಯಾವ್ರೀ, ಈಗ ತಗೋತಾರ?” ಎಂದು. ಹದಿನಾಲ್ಕು ತುಂಬಿರಬೇಕೆಂಬುದಷ್ಟೇ ನಿಯಮ, ಮೇಲಿನ ವಯೋಮಿತಿಯಿಲ್ಲ ಎಂದೆವು. ಅವನು ಬರಹೋಗುವವರ ಹೆಸರು ಬರೆಯುವ ದಫ್ತರಿನ ಕೊನೆಯ ಹಾಳೆಯನ್ನು ಹರಿದು, ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ಕನ್ನಡದಲ್ಲಿಯೇ ಬರೆದುಕೊಂಡನು. ಅಷ್ಟರಲ್ಲಿ ಪಾಳಿ ಬದಲಾಯಿತು. ಬಿಹಾರದ ಹುಡುಗರನ್ನು ತುಂಬಿಕೊಂಡ ಬಸ್ಸು ಬಂದು ನಿಂತಿತು; ಅವನು ಹಾಳೆಯನ್ನು ಜೇಬಿಗಿಳಿಸಿ ಬಾಗಿಲು ತೆರೆಯಲು ಓಡಿದನು.