ಗದ್ದೆಯ ನೀರಿನಿಂದ ಮಿದುಳಿಗೆ

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮವನ್ನು ಬಲ್ಲವರಿಗೆ ಅಲ್ಲಿಯ ಕಬ್ಬಾಳಮ್ಮನ ಗುಡಿಯೂ ಕಡಿದಾಗಿ ನಿಂತ ಬಂಡೆಯ ಬೆಟ್ಟವೂ ಪರಿಚಿತ. ಬೆಟ್ಟದ ಮೇಲಿನ ದುರ್ಗ ಒಂದು ಕಾಲದಲ್ಲಿ ಸೆರೆಮನೆಯಾಗಿದ್ದಿತು. ಅಲ್ಲಿಗೆ ಹೋದ ಕೈದಿ ಬಹುಕಾಲ ಬದುಕುವುದಿಲ್ಲ, ಅಲ್ಲಿಯ ನೀರೇ ಕೆಟ್ಟದ್ದು ಎಂಬ ಪ್ರತೀತಿ. ಕಾರಣ ತಿಳಿಯದ ಸಾವಿಗೆ ನೀರನ್ನೋ ಗಾಳಿಯನ್ನೋ ದೇವತೆಯ ಮುನಿಸನ್ನೋ ಹೊಣೆ ಮಾಡುವುದು ಹಳೆಯ ವಾಡಿಕೆ. ಆದರೆ ನೀರಿಗೂ ಸಾವಿಗೂ ನಿಜವಾಗಿಯೇ ನಂಟಿರುವ ಕಾಯಿಲೆಯೊಂದು ಕನ್ನಡನಾಡಿನಲ್ಲಿ ಉಂಟು. ಆ ನೀರನ್ನು ಯಾರೂ ಕುಡಿಯಬೇಕಾಗಿಲ್ಲ. ಅದು ಭತ್ತದ ಗದ್ದೆಯಲ್ಲಿ ನಿಂತಿದ್ದರೆ ಸಾಕು.

ಜನ ಅದನ್ನು ಮಿದುಳು ಜ್ವರವೆನ್ನುತ್ತಾರೆ. ಮಿದುಳು ಜ್ವರಗಳಾದರೋ ಹಲವು. ಮಿದುಳನ್ನು ಹೊದೆದಿರುವ ಪೊರೆಗಳಿಗೆ ಬ್ಯಾಕ್ಟೀರಿಯಾ ತಗಲಿದರೆ ಒಂದು ಬಗೆ, ಕ್ಷಯದ ರೋಗಾಣು ತಗಲಿದರೆ ಇನ್ನೊಂದು ಬಗೆ. ಬೇಗನೆ ಗುರುತಿಸಿದರೆ ಇವೆರಡಕ್ಕೂ ಮದ್ದುಂಟು. ಮಿದುಳಿನ ಒಡಲನ್ನೇ ಹಿಡಿಯುವ ಜಪಾನೀಸ್ ಎನ್ಸೆಫಲೈಟಿಸ್ ಹಾಗಲ್ಲ. 1924ರಲ್ಲಿ ಜಪಾನಿನಲ್ಲಿ ಭಾರಿ ಪಿಡುಗಾಗಿ ಎರಗಿದ್ದ ಈ ಜ್ವರ ಭಾರತದಲ್ಲಿ ಮೊದಲು ಪತ್ತೆಯಾದುದು 1955ರಲ್ಲಿ, ವೇಲೂರಿನಲ್ಲಿ. ವೇಲೂರಿನಿಂದ ಕೋಲಾರ ಬಹು ದೂರವೇನಲ್ಲ. 1970ರ ದಶಕ ಮುಗಿಯುವ ಹೊತ್ತಿಗೆ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳು ಜ್ವರ ಬಂದು ಪ್ರಜ್ಞೆ ತಪ್ಪತೊಡಗಿದರು. ಮಂಡ್ಯದ ನೀರಾವರಿ ಸೀಮೆಯೂ ಇದರಿಂದ ಪಾರಾಗಲಿಲ್ಲ.

ಈ ವೈರಸ್ಸಿನ ತವರು ಮನುಷ್ಯನ ಮೈಯಲ್ಲ. ಗದ್ದೆಯಲ್ಲಿ ಮೀನು ಹುಳು ಹೆಕ್ಕುವ ಬಕ, ಕೊಕ್ಕರೆಗಳಲ್ಲಿ ಅದು ಸದ್ದಿಲ್ಲದೆ ಬಾಳುತ್ತದೆ. ಹಂದಿಯ ಮೈ ಸೇರಿದಾಗ ಅಪಾರವಾಗಿ ಬೆಳೆಯುತ್ತದೆ. ಹಕ್ಕಿಯಿಂದ ಹಂದಿಗೆ, ಹಂದಿಯಿಂದ ಮಗುವಿಗೆ ಒಯ್ಯುವ ದೂತ ಕ್ಯೂಲೆಕ್ಸ್ ಜಾತಿಯ ಸೊಳ್ಳೆ. ಗದ್ದೆಯ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಹೊತ್ತು ಮುಳುಗಿದ ಮೇಲೆ ಕಚ್ಚಲು ಹೊರಡುವ ಸೊಳ್ಳೆ ಇದು. ಆದ್ದರಿಂದಲೇ ಮಳೆಗಾಲವೂ ಅದರ ಬೆನ್ನಿಗೆ ಬರುವ ತಿಂಗಳುಗಳೂ ಅಪಾಯದ ಕಾಲ. ವಿಚಿತ್ರವೆಂದರೆ, ರೋಗಿಯನ್ನು ಕಚ್ಚಿದ ಸೊಳ್ಳೆ ಮತ್ತೊಬ್ಬರಿಗೆ ರೋಗ ಹರಡಲಾರದು. ಮನುಷ್ಯನ ರಕ್ತದಲ್ಲಿ ಅಷ್ಟು ವೈರಸ್ಸು ಇರುವುದೇ ಇಲ್ಲ. ಮಗುವನ್ನು ಮುಟ್ಟಲು ಹೆದರುವ ನೆಂಟರಿಗೆ ಇದನ್ನು ತಿಳಿಸಿ ಹೇಳಬೇಕು.

ಸೋಂಕು ತಗಲಿದವರೆಲ್ಲ ಹಾಸಿಗೆ ಹಿಡಿಯುವುದಿಲ್ಲ. ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ಅದು ಮಿದುಳಿಗೇರುತ್ತದೆ. ಆ ಒಬ್ಬರು ಬಹುಪಾಲು ಮಕ್ಕಳೇ. ಮೊದಲು ಜ್ವರ, ತಲೆನೋವು, ವಾಂತಿ. ತಾಯಿ ಅಜೀರ್ಣವೆಂದೋ ದೃಷ್ಟಿಯಾಯಿತೆಂದೋ ಭಾವಿಸಿಯಾಳು. ಎರಡು ಮೂರು ದಿನಗಳಲ್ಲಿ ಮಗು ತಡಬಡಿಸಿ ಮಾತಾಡುತ್ತದೆ, ಮನೆಯವರ ಗುರುತು ಹಿಡಿಯದು, ಕತ್ತು ಸೆಟೆಯುತ್ತದೆ, ಫಿಟ್ಸ್ ಬರುತ್ತದೆ. ಹೀಗೆ ಕಾಯಿಲೆ ಬಿದ್ದ ನೂರರಲ್ಲಿ ಮೂವತ್ತು ಮಂದಿಯವರೆಗೆ ಸಾಯಬಹುದು. ಉಳಿದವರ ಕಥೆ ಕೆಲವೊಮ್ಮೆ ಅದಕ್ಕಿಂತ ದಾರುಣ. ಬದುಕಿದವರಲ್ಲಿ ಮೂರನೆಯ ಒಂದು ಪಾಲಿಗೋ ಅದಕ್ಕೂ ಹೆಚ್ಚು ಮಂದಿಗೋ ಕೈಕಾಲಿನ ಊನ, ಮೂರ್ಛೆ, ಮಾತಿನ ತೊಡಕು, ಬುದ್ಧಿಮಾಂದ್ಯ ಉಳಿದುಬಿಡುತ್ತದೆ. ಮಗ್ಗಿ ಒಪ್ಪಿಸುತ್ತಿದ್ದ ಹುಡುಗ ಆಸ್ಪತ್ರೆಯಿಂದ ಮರಳಿದಾಗ ತನ್ನ ಹೆಸರನ್ನೇ ತಡಕಾಡಬಹುದು.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಬಂದಿಲ್ಲ. ಜ್ವರ ಇಳಿಸುವುದು, ಫಿಟ್ಸ್ ತಡೆಯುವುದು, ಮಿದುಳಿನ ಬಾವು ತಗ್ಗಿಸುವುದು, ಉಸಿರಿಗೆ ಆಸರೆಯಾಗುವುದು, ಇಷ್ಟೇ ವೈದ್ಯರ ಕೈಲಿರುವುದು. ಆದರೂ ಆಸ್ಪತ್ರೆಗೆ ಧಾವಿಸುವುದು ವ್ಯರ್ಥವಲ್ಲ. ಮದ್ದಿರುವ ಇನ್ನಾವುದೋ ಮಿದುಳು ಜ್ವರವೇ ಅದಾಗಿರಬಹುದು, ಬೆನ್ನುಹುರಿಯ ಸುತ್ತಲಿನ ದ್ರವವನ್ನು ಪರೀಕ್ಷಿಸದೆ ಅದು ತಿಳಿಯದು. ತಾಯತ ಕಟ್ಟುವವರು ಕಟ್ಟಲಿ, ಅದಕ್ಕಾಗಿ ಅರ್ಧ ದಿನ ಕಳೆಯುವುದು ಮಾತ್ರ ಬೇಡ.

ಉಳಿದ ದಾರಿ ಲಸಿಕೆ. ಹಿಂದೆ ಇಲಿಯ ಮಿದುಳಿನಲ್ಲಿ ವೈರಸ್ ಬೆಳೆಸಿ, ಕಸೌಲಿಯ ಸರ್ಕಾರಿ ಸಂಸ್ಥೆಯಲ್ಲಿ ಒಂದು ಲಸಿಕೆ ತಯಾರಿಸುತ್ತಿದ್ದರು. 2006ರಿಂದ ಚೀನಾದ ಲಸಿಕೆಯನ್ನು ತರಿಸಿ ಹಾಕಲಾರಂಭಿಸಿದರು. ಇಷ್ಟರ ನಡುವೆ ಕೋಲಾರದ ಸಂಕಟ ಸದ್ದಿಲ್ಲದೆ ಒಂದು ಫಲ ಕೊಟ್ಟಿತು. 1980ರ ದಶಕದ ಆರಂಭದಲ್ಲಿ ಅಲ್ಲಿಯ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ಸನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಜೋಪಾನವಾಗಿ ಇರಿಸಿಕೊಂಡಿದ್ದಿತು. ಅದನ್ನೇ ಬೀಜವಾಗಿ ಪಡೆದು, ಬೆಳೆಸಿ, ನಿರ್ಜೀವಗೊಳಿಸಿ ಹೈದರಾಬಾದಿನ ಭಾರತ್ ಬಯೋಟೆಕ್ 2013ರಲ್ಲಿ ಜೆನ್‌ವ್ಯಾಕ್ ಎಂಬ ಲಸಿಕೆಯನ್ನು ಹೊರತಂದಿತು. ಹೆಸರು ಬಯಲಾಗದ ಆ ಕೋಲಾರದ ರೋಗಿಯ ಋಣ ಎಷ್ಟು ಮಕ್ಕಳ ಮೇಲಿದೆಯೋ!

2022ರ ಡಿಸೆಂಬರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳ 1ರಿಂದ 15 ವರ್ಷದ ಮಕ್ಕಳಿಗೆ ವಿಶೇಷ ಅಭಿಯಾನ ನಡೆಯಿತು. ರಾಮನಗರ ಜಿಲ್ಲೆಯೂ ಅದರಲ್ಲಿದ್ದುದರಿಂದ ಕಬ್ಬಾಳಿನಂಥ ಊರುಗಳ ಮಕ್ಕಳಿಗೂ ಸರದಿ ಬಂದಿತು. ರೋಗದ ಭಯವಿರುವ ಜಿಲ್ಲೆಗಳಲ್ಲಿ ಕೂಸಿಗೆ 9ರಿಂದ 12 ತಿಂಗಳೊಳಗೆ ಒಂದು ಸಲ, 16ರಿಂದ 24 ತಿಂಗಳೊಳಗೆ ಇನ್ನೊಂದು ಸಲ ಲಸಿಕೆ ಹಾಕುತ್ತಾರೆ. ಎರಡನೆಯದನ್ನು ಮರೆಯುವ ಮನೆಗಳುಂಟು. ಕೇರಿಯ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ, ತಮ್ಮ ಮಗುವೊಂದಕ್ಕೆ ತಪ್ಪಿದರೇನು ಎಂಬ ಲೆಕ್ಕ ದಡಾರದಲ್ಲಿ ಒಂದಿಷ್ಟು ನಡೆದೀತು. ಇಲ್ಲಿ ಅದು ನಡೆಯದು. ನೆರೆಮನೆಯ ಮಗುವಿಗೆ ಹಾಕಿದ ಲಸಿಕೆ ಕೊಕ್ಕರೆಯ ಮೈಯಲ್ಲಿರುವ ವೈರಸ್ಸನ್ನು ತಡೆಯಲಾರದು.