ಬೆಳಕಿನ ಉಳಿ ಮುನಿದಾಗ

ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿ, ಸುತ್ತಿಗೆ ಹಿಡಿದು ಕಲ್ಲಿನಲ್ಲಿ ಕಲೆ ಅರಳಿಸಿದರು. ಇಂದು ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರವೊಂದು ಉಳಿಯಿಲ್ಲದೆ, ಬರಿಯ ಬೆಳಕಿನಿಂದಲೇ ಮರದ ಹಲಗೆಯ ಮೇಲೆ ಹೆಸರು, ಚಿತ್ರ ಕೆತ್ತುತ್ತದೆ. ಅದೇ ಹವ್ಯಾಸಿಗಳ ಲೇಸರ್ ಕೆತ್ತನೆ ಯಂತ್ರ.

ಅಮೆರಿಕದ ಥಿಯೊಡೋರ್ ಮೈಮನ್ 1960ರ ಮೇ 16ರಂದು ಮೊದಲ ಲೇಸರನ್ನು ಬೆಳಗಿಸಿದರು. ಹವ್ಯಾಸಿ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು ಸೂಸುವ ಡಯೋಡ್. ಮಸೂರವು ಆ ಬೆಳಕನ್ನು ಸುಮಾರು 0.1 ಮಿಲಿಮೀಟರ್ ಚುಕ್ಕೆಗೆ ಇಳಿಸುತ್ತದೆ. ಭೂತಕನ್ನಡಿಯಿಂದ ಬಿಸಿಲು ಹಾಯಿಸಿ ಕಾಗದ ಸುಟ್ಟ ಮಕ್ಕಳಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ.

ಆದರೆ ಯಂತ್ರ ಒಂದು ದಿನ ಮುನಿಸಿಕೊಳ್ಳುತ್ತದೆ. ‘ಲೇಸರ್ ಸುಟ್ಟುಹೋಯಿತು, ಹೊಸದು ತರಿಸಬೇಕು’ ಎಂಬ ತೀರ್ಮಾನಕ್ಕೆ ಆತುರ ಬೇಡ. ರೋಣ, ನರಗುಂದದಂತಹ ಎರೆಭೂಮಿಯ ಊರುಗಳಲ್ಲಿ ಬೇಸಿಗೆಯ ಗಾಳಿಯೊಡನೆ ಬರುವ ನುಣ್ಣನೆಯ ಧೂಳೇ ಎಷ್ಟೋ ಸಲ ಕಾರಣವಾಗಿರಬಹುದು.

ಕೆತ್ತನೆ ಮಸುಕಾದರೆ

ಮರ ಸುಟ್ಟ ಹೊಗೆಯ ಮಸಿ ಮತ್ತು ಧೂಳು ಮಸೂರಕ್ಕೆ ಅಂಟುತ್ತವೆ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ, ಒಣಗಲು ಬಿಡಿ. ಆಮೇಲೆ ಫೋಕಸ್ ಪರೀಕ್ಷಿಸಿ. ಹಲಗೆಯನ್ನು ಇಳಿಜಾರಾಗಿ ಇಟ್ಟು ಅದರ ಮೇಲೆ ಉದ್ದ ಗೆರೆ ಎಳೆಸಿ. ಗೆರೆ ಎಲ್ಲಿ ಅತಿ ತೆಳುವಾಗಿದೆಯೋ ಅದೇ ಸರಿಯಾದ ಎತ್ತರ.

ಆಕಾರ ಕೆಟ್ಟರೆ

ವೃತ್ತದ ಎರಡು ತುದಿ ಕೂಡದಿದ್ದರೆ ಬೆಲ್ಟ್ ಸಡಿಲವಾಗಿದೆಯೇ, ಮೋಟಾರಿನ ಪುಲ್ಲಿಯ ಪುಟ್ಟ ಸ್ಕ್ರೂ ಜಾರಿದೆಯೇ ನೋಡಿ. 50 ಮಿಲಿಮೀಟರ್ ಚೌಕ ಕೆತ್ತಿಸಿ ಸ್ಕೇಲಿನಿಂದ ಅಳೆಯಿರಿ. ಪ್ರತಿ ಸಲವೂ ಒಂದೇ ಪ್ರಮಾಣದ ವ್ಯತ್ಯಾಸ ಬಂದರೆ ದೋಷ ಬೆಲ್ಟಿನದಲ್ಲ. ಒಂದು ಮಿಲಿಮೀಟರಿಗೆ ಮೋಟಾರು ಎಷ್ಟು ಹೆಜ್ಜೆ ತಿರುಗಬೇಕೆಂಬ ಸೆಟ್ಟಿಂಗಿನದು.

ನಡುವೆ ನಿಂತರೆ

ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಕರೆಂಟು ಹೋಗಿ ಬಂದಿದ್ದರೆ ಯಂತ್ರಕ್ಕೆ ತಾನು ಎಲ್ಲಿದ್ದೆನೆಂಬ ನೆನಪಿರುವುದಿಲ್ಲ. ಆರಂಭದ ಜಾಗಕ್ಕೆ ತಂದು ಮತ್ತೆ ಶುರುಮಾಡಬೇಕು. ಇನ್ನು, ಪಾರದರ್ಶಕ ಅಕ್ರಿಲಿಕ್ ಹಾಳೆಯ ಮೇಲೆ ಗೆರೆಯೇ ಮೂಡದಿದ್ದರೆ ಅದು ಕೆಟ್ಟದ್ದಲ್ಲ. ನೀಲಿ ಬೆಳಕು ಅದರೊಳಗಿಂದ ಹಾದುಹೋಗುತ್ತದೆ, ಅಷ್ಟೇ.

ವಿದ್ಯಾರ್ಥಿಗಳು ಒಂದು ನಿಯಮ ಮರೆಯಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವೇಗ, ಶಕ್ತಿ, ಫೋಕಸ್ ಮೂರನ್ನೂ ಒಟ್ಟಿಗೆ ತಿರುವಿದರೆ ಯಾವುದರಿಂದ ಸರಿಹೋಯಿತೆಂದು ಹೇಳುವವರಾರು?

ಪಾಲಕರು ಗಮನಿಸಿ

ಯಂತ್ರ ಚೆನ್ನಾಗಿ ನಡೆಯುವಾಗಿಗಿಂತ ಅದನ್ನು ರಿಪೇರಿ ಮಾಡುವಾಗ ಅಪಾಯ ಹೆಚ್ಚು. ‘ಬೆಳಕು ಬರುತ್ತಿದೆಯೇ’ ಎಂದು ಮಗು ಬಗ್ಗಿ ನೋಡುವುದು ಆಗಲೇ. ಈ ಕಿರಣ ಕಣ್ಣಿನ ಅಕ್ಷಿಪಟಲವನ್ನು ಕ್ಷಣದಲ್ಲಿ ಸುಡಬಲ್ಲದು. ಹೊಳೆಯುವ ಲೋಹದಿಂದ ಪ್ರತಿಫಲಿಸಿ ಬಂದರೂ ಹಾನಿ ತಪ್ಪಿದ್ದಲ್ಲ. ತಂಪು ಕನ್ನಡಕ ಇದಕ್ಕೆ ಸಾಲದು. ಯಂತ್ರದ ತರಂಗಾಂತರಕ್ಕೆ ತಕ್ಕ ರಕ್ಷಣಾ ಕನ್ನಡಕವನ್ನು ಕೋಣೆಯಲ್ಲಿರುವ ಎಲ್ಲರೂ ಧರಿಸಬೇಕು.

ಪಿವಿಸಿ, ರೆಕ್ಸಿನ್ ಚೂರುಗಳನ್ನು ಯಂತ್ರಕ್ಕೆ ಕೊಡಲೇಬೇಡಿ. ಸುಟ್ಟಾಗ ಅವು ಹೈಡ್ರೊಜನ್ ಕ್ಲೋರೈಡ್ ಎಂಬ ವಿಷಾನಿಲ ಬಿಡುತ್ತವೆ. ಅದು ಶ್ವಾಸಕೋಶಕ್ಕೂ ಕೇಡು, ಯಂತ್ರದ ಲೋಹಕ್ಕೂ ತುಕ್ಕು. ಕಿಟಕಿ ತೆರೆದಿರಲಿ, ಹೊಗೆ ಹೊರಹಾಕುವ ಫ್ಯಾನ್ ತಿರುಗುತ್ತಿರಲಿ. ಮರಕ್ಕೆ ಬೆಂಕಿ ಹತ್ತಬಹುದಾದ್ದರಿಂದ ಕೆತ್ತನೆ ಮುಗಿಯುವತನಕ ಯಾರಾದರೊಬ್ಬ ಹಿರಿಯರು ಪಕ್ಕದಲ್ಲೇ ಇರಲಿ.